ಹೊಸ ಡಿಸ್ಕಿನಲ್ಲಿ ಉಳಿದ ಹಳೆಯ ವಿಳಾಸಗಳು

ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ಯಥಾವತ್ತಾಗಿ ಇಳಿಸಿ, ಕ್ಲೋನಿಂಗ್ ತಂತ್ರಾಂಶವು ಕೆಲಸ ಪೂರ್ಣವಾಯಿತೆಂದು ತಿಳಿಸಿದ ಮೇಲೆ, ಹಳೆಯದನ್ನು ಬಿಚ್ಚಿ ಹೊಸದನ್ನು ಅದೇ ಜಾಗದಲ್ಲಿ ಕೂರಿಸಿ ಗುಂಡಿ ಒತ್ತಿದರೆ, ಕಪ್ಪು ಪರದೆಯ ಮೇಲೆ ‘ನೋ ಬೂಟೆಬಲ್ ಡಿವೈಸ್’ ಎಂಬ ಒಂದೇ ಸಾಲು ಮೂಡುವುದು ಈ ಕೆಲಸಕ್ಕೆ ಕೈಹಾಕಿದ ಬಹಳ ಜನರಿಗೆ ಗೊತ್ತಿರುವ ಅನುಭವ. ಅದೇ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಕಡತಗಳೆಲ್ಲ ಇದ್ದಲ್ಲಿಯೇ ಇರುತ್ತವೆ, ತೆರೆದರೆ ತೆರೆದುಕೊಳ್ಳುತ್ತವೆ. ನಕಲಿನಲ್ಲಿ ಲೋಪವಿಲ್ಲ, ಡಿಸ್ಕಿನಲ್ಲಿ ದೋಷವಿಲ್ಲ, ಆದರೂ ಯಂತ್ರ ಏಳುವುದಿಲ್ಲ. ಇದಕ್ಕೆ ಕಾರಣ ಹುಡುಕುತ್ತ ಹೋದಂತೆ ನನಗೆ ಸ್ಪಷ್ಟವಾದ ಸಂಗತಿಯೊಂದಿದೆ. ಕಂಪ್ಯೂಟರ್ ಏಳುವುದೆಂದರೆ ಒಂದು ಹಂತವು ಮುಂದಿನ ಹಂತವನ್ನು ಗುರುತು ಹಿಡಿದು ಹುಡುಕಿ, ಅದರ ಕೈಗೆ ನಿಯಂತ್ರಣವನ್ನು ಒಪ್ಪಿಸುತ್ತ ಹೋಗುವ ಸರಪಳಿ. ಆ ಗುರುತುಗಳಲ್ಲಿ ಕೆಲವು ಡಿಸ್ಕಿನ ಹೊರಗಿರುತ್ತವೆ, ಹಾಗಾಗಿ ಅವು ನಕಲಿಗೆ ಸಿಗುವುದೇ ಇಲ್ಲ. ಇನ್ನು ಕೆಲವು ಡಿಸ್ಕಿನೊಳಗೇ ಇದ್ದು ಚಾಚೂ ತಪ್ಪದೆ ನಕಲಾಗುತ್ತವೆ, ಆದರೆ ನಕಲಾದ ಮೇಲೂ ಹಳೆಯ ಡಿಸ್ಕನ್ನೇ ಹುಡುಕುತ್ತಿರುತ್ತವೆ.

ನಮ್ಮಲ್ಲಿ ಇಂಥ ಸಂದರ್ಭದಲ್ಲಿ ಮೊದಲು ಕೇಳಿಬರುವ ಸಲಹೆಯೆಂದರೆ ‘ಫಾರ್ಮ್ಯಾಟ್ ಹೊಡೆದುಬಿಡಿ’ ಎಂಬುದು. ವಿಂಡೋಸ್ ಅನ್ನು ಹೊಸದಾಗಿ ಹಾಕಿ, ಕಡತಗಳನ್ನು ಮಾತ್ರ ನಕಲು ಮಾಡಿಕೊಂಡರೆ ಆಯಿತು ಎನ್ನುವವರು ಕಂಪ್ಯೂಟರನ್ನು ಬ್ರೌಸರ್ ಮತ್ತು ಕೆಲವು ಫೋಟೊಗಳ ಪೆಟ್ಟಿಗೆಯೆಂದು ಭಾವಿಸಿರುತ್ತಾರೆ. ಕೆಲವರ ಮಟ್ಟಿಗೆ ಅದು ನಿಜವೂ ಹೌದು. ಆದರೆ ಗದಗಿನ ಒಂದು ಮುದ್ರಣಾಲಯದ ಯಂತ್ರವನ್ನು ನೋಡಿದ ಮೇಲೆ ಆ ಸಲಹೆಯನ್ನು ಎಲ್ಲರಿಗೂ ಕೊಡಬಾರದೆಂಬ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಗದಗು ಬಹುಕಾಲದಿಂದ ಮುದ್ರಣಕ್ಕೆ ಹೆಸರಾದ ಊರು. ಆ ಮುದ್ರಣಾಲಯದ ಡಿಟಿಪಿ ಯಂತ್ರದಲ್ಲಿ ವಿಂಡೋಸ್ 7 ಇತ್ತು, ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7 ಇತ್ತು, ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕಾಲದ ಕನ್ನಡ ಅಕ್ಷರವಿನ್ಯಾಸಗಳ ದೊಡ್ಡ ರಾಶಿಯೇ ಇತ್ತು. ಆಮಂತ್ರಣ ಪತ್ರಿಕೆ, ಪಂಚಾಂಗ, ಅಭಿನಂದನ ಗ್ರಂಥ, ಶಾಲೆಯ ವಾರ್ಷಿಕ ಸಂಚಿಕೆ ಎಂದು ವರ್ಷಾನುಗಟ್ಟಲೆ ಪೇರಿಸಿದ ಪುಟಗಳೆಲ್ಲ ಅದರಲ್ಲೇ ಇದ್ದವು.

ಕನ್ನಡ ಲಿಪಿಯು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿದೆ, ಆದರೆ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಅದರ ಕಡತದಲ್ಲಿ ಉಳಿದಿರುವುದು ಕನ್ನಡ ಅಕ್ಷರಗಳಲ್ಲ, ಒಂದು ನಿರ್ದಿಷ್ಟ ಫಾಂಟಿನೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ತುಣುಕುಗಳ ಸ್ಥಾನಸಂಖ್ಯೆಗಳು. ಆ ಫಾಂಟು, ಅದೇ ಆವೃತ್ತಿಯದು, ಯಂತ್ರದಲ್ಲಿ ಇಲ್ಲದೆ ಹೋದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು ಚೆಲ್ಲಿಕೊಳ್ಳುತ್ತವೆ. ಫಾಂಟು ಸಿಕ್ಕರೂ ಕೀಲಿಮಣೆಯ ವಿನ್ಯಾಸ, ಮುದ್ರಕದ ಡ್ರೈವರ್, ಪರವಾನಗಿಯ ಬೀಗ ಎಲ್ಲವೂ ಮೊದಲಿನಂತೆಯೇ ಹೊಂದಿಕೊಳ್ಳಬೇಕು. ಡಿಸ್ಕು ಸದ್ದು ಮಾಡತೊಡಗಿದ್ದರಿಂದ ಅದನ್ನು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗಗಳಿಲ್ಲದ ಚಿಪ್ಪಿನ ಡಿಸ್ಕಿಗೆ, ಬದಲಾಯಿಸಬೇಕೆಂದು ಕೇಳಿಕೊಂಡ ಮುದ್ರಣಾಲಯದ ಹಿರಿಯರು ಒಂದೇ ಷರತ್ತು ಹಾಕಿದರು: “ಇದರಾಗಿನ ಒಂದಕ್ಷರನೂ ಆಚೀಚೆ ಆಗಬಾರದು ನೋಡ್ರಿ. ಹೆಂಗೈತೋ ಹಂಗ ಬರಬೇಕು.” ಹೇಗಿದೆಯೋ ಹಾಗೆಯೇ ಬರಬೇಕಾದರೆ ಕ್ಲೋನ್ ಮಾಡುವುದೊಂದೇ ದಾರಿ.

ಆ ಕೆಲಸಕ್ಕೆ ಸಲಕರಣೆಗಳ ಕೊರತೆಯೇನೂ ಇಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1995ರ ಸುಮಾರಿಗೆ ಹುಟ್ಟಿ, 1998ರಲ್ಲಿ ಸಿಮ್ಯಾಂಟೆಕ್ ಕಂಪನಿಯ ಕೈಸೇರಿದ ಘೋಸ್ಟ್ ಎಂಬ ತಂತ್ರಾಂಶ ಒಂದು ಕಾಲಕ್ಕೆ ಈ ಕೆಲಸದ ಹೆಸರೇ ಆಗಿತ್ತು. ಇಂದು ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಉಚಿತವಾಗಿ ಸಿಗುತ್ತದೆ. ಲಿನಕ್ಸ್ ಬಲ್ಲವರಿಗೆ ಡಿಡಿ ಎಂಬ ಹಳೆಯ ಆಜ್ಞೆಯೇ ಸಾಕು. ಡಿಸ್ಕು ಸಾಯುವ ಸ್ಥಿತಿಯಲ್ಲಿದ್ದರೆ ಇವೆಲ್ಲಕ್ಕಿಂತ ಡಿಡಿರೆಸ್ಕ್ಯೂ ಮೇಲು: ಅದು ಓದಲು ಬರುವ ಭಾಗಗಳನ್ನು ಮೊದಲು ಬಾಚಿಕೊಂಡು, ಕೆಟ್ಟ ಸೆಕ್ಟರುಗಳನ್ನು, ಅಂದರೆ ಡಿಸ್ಕಿನ ಕೆಟ್ಟ ಪುಟ್ಟ ತುಣುಕುಗಳನ್ನು, ಕೊನೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಎಲ್ಲಿಯವರೆಗೆ ಬಂದಿದೆಯೆಂದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುದ್ರಣಾಲಯದ ಡಿಸ್ಕಿಗೆ ನಾನು ಅದನ್ನೇ ಬಳಸಿದೆ. ಸದ್ದು ಮಾಡುವ ಡಿಸ್ಕಿನ ಮೇಲೆ ಅದರದೇ ವಿಂಡೋಸನ್ನು ಓಡಿಸುತ್ತ ಕ್ಲೋನ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಸರಪಳಿಯ ಮಾತು. ಬಯಾಸ್ ಎಂದರೆ ಗುಂಡಿ ಒತ್ತಿದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ (ಫರ್ಮ್‌ವೇರ್). ಹಳೆಯ ಬಯಾಸ್ ಪದ್ಧತಿಯ ಯಂತ್ರದಲ್ಲಿ ಎಲ್ಲವೂ ಆರಂಭವಾಗುವುದು ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಿಂದ. ಅದರ ಗಾತ್ರ 512 ಬೈಟು ಮಾತ್ರ. ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್, ಎಂದು ಕರೆಯಲಾಗುವ ಈ ಏರ್ಪಾಡು 1983ರಲ್ಲಿ ಬಂದ ಪಿಸಿ ಡಾಸ್ 2.0ರ ಕಾಲದ್ದು. ಇಷ್ಟು ವರ್ಷಗಳ ಮೇಲೂ ಅದರ ಮೂಲ ರೂಪ ಬದಲಾಗಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಆ 512 ಬೈಟುಗಳಲ್ಲಿ ಮೊದಲ 440 ಬೈಟು ಒಂದು ಪುಟ್ಟ ಪ್ರೋಗ್ರಾಂಗೆ ಮೀಸಲು. ಅದರ ಬೆನ್ನಿಗೆ 4 ಬೈಟಿನ ಡಿಸ್ಕ್ ಸಿಗ್ನೇಚರ್, ಅಂದರೆ ವಿಂಡೋಸ್ ಆ ಡಿಸ್ಕಿಗೆ ಕೊಟ್ಟ ಗುರುತಿನ ಸಂಖ್ಯೆ, ಇರುತ್ತದೆ. ಎರಡು ಬೈಟು ಬಿಟ್ಟು, 446ನೆಯ ಸ್ಥಾನದಿಂದ ತಲಾ 16 ಬೈಟಿನ ನಾಲ್ಕು ನಮೂದುಗಳ ವಿಭಾಗಪಟ್ಟಿ (ಡಿಸ್ಕನ್ನು ಹಂಚಿದ ಪಾರ್ಟಿಷನ್‌ಗಳ ಪಟ್ಟಿ) ಇರುತ್ತದೆ. ಕೊನೆಯ ಎರಡು ಬೈಟುಗಳಲ್ಲಿ 55 ಮತ್ತು ಎಎ ಎಂಬ ಮುದ್ರೆ. ಬಯಾಸ್ ಈ ಸೆಕ್ಟರನ್ನು ಮೆಮೊರಿಗೆ ತಂದು, ಮುದ್ರೆ ಸರಿಯಿದೆಯೇ ಎಂದು ನೋಡಿ, ಅದರೊಳಗಿನ ಪುಟ್ಟ ಪ್ರೋಗ್ರಾಂಗೆ ಅಧಿಕಾರ ಒಪ್ಪಿಸಿ ಹಿಂದೆ ಸರಿಯುತ್ತದೆ. ಆ ಪ್ರೋಗ್ರಾಂ ನಾಲ್ಕು ವಿಭಾಗಗಳಲ್ಲಿ ಯಾವುದಕ್ಕೆ ‘ಆ್ಯಕ್ಟಿವ್’ ಎಂಬ ಗುರುತಿದೆಯೆಂದು ಹುಡುಕಿ, ಅದರ ಮೊದಲ ಸೆಕ್ಟರನ್ನು ಓದುತ್ತದೆ. ಆ ಸೆಕ್ಟರಿನ ಪ್ರೋಗ್ರಾಂ ಬೂಟ್‌ಮ್ಯಾನೇಜರ್ ಕಡತವನ್ನು ಹುಡುಕುತ್ತದೆ. ಬೂಟ್‌ಮ್ಯಾನೇಜರ್ ತನ್ನ ಪಕ್ಕದಲ್ಲಿರುವ ಬಿಸಿಡಿ ಎಂಬ ದಾಖಲೆಯನ್ನು ಬಿಡಿಸಿ, ವಿಂಡೋಸ್ ಯಾವ ಡಿಸ್ಕಿನ ಯಾವ ವಿಭಾಗದಲ್ಲಿದೆಯೆಂದು ತಿಳಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ವಿಂಡೋಸಿನ ತಿರುಳಾದ ಕರ್ನೆಲ್, ಡಿಸ್ಕನ್ನು ನಡೆಸುವ ಡ್ರೈವರ್, ಡ್ರೈವ್ ಅಕ್ಷರಗಳು, ಕೊನೆಗೆ ಬಳಕೆದಾರರ ಪರದೆ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಈ ಹಂತಗಳಲ್ಲಿ ಪ್ರತಿಯೊಂದೂ ಸೋತಾಗ ತನ್ನದೇ ಮಾತಿನಲ್ಲಿ ದೂರು ಹೇಳುತ್ತದೆ, ಆ ಮಾತನ್ನು ಗಮನವಿಟ್ಟು ಓದಿದರೆ ಸರಪಳಿ ಎಲ್ಲಿ ಕಡಿದಿದೆಯೆಂದು ಊಹಿಸುವ ಅಗತ್ಯವೇ ಇರುವುದಿಲ್ಲ. ‘ನೋ ಬೂಟೆಬಲ್ ಡಿವೈಸ್’ ಎನ್ನುವುದು ಸಾಮಾನ್ಯವಾಗಿ ಫರ್ಮ್‌ವೇರಿನ ಮಾತು, ಡಿಸ್ಕಿನೊಳಕ್ಕೆ ಇನ್ನೂ ಕಾಲಿಟ್ಟೇ ಇಲ್ಲವೆಂದು ಅದರ ಅರ್ಥ. ‘ಮಿಸ್ಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂಬುದು ಎಂಬಿಆರ್‌ನ ಪುಟ್ಟ ಪ್ರೋಗ್ರಾಂ ಹೇಳುವ ಮಾತು. ‘ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್’ ಎಂದರೆ ವಿಭಾಗದ ಮೊದಲ ಸೆಕ್ಟರ್ ಓಡಿದೆ, ಆದರೆ ಅದು ಹುಡುಕಿದ ಕಡತ ಅಲ್ಲಿಲ್ಲ. ಸಿ000000ಇ ಎಂಬ ಸಂಖ್ಯೆಯೊಡನೆ ಬರುವ, ಬೇಕಾದ ಸಾಧನ ಸಿಗುತ್ತಿಲ್ಲವೆಂಬ ಸಂದೇಶ ಬೂಟ್‌ಮ್ಯಾನೇಜರಿನದು, ಅಂದರೆ ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿದೆ. 7ಬಿ ಎಂಬ ಸಂಖ್ಯೆಯ ನೀಲಿ ಪರದೆ ಬಂದರೆ ಕರ್ನೆಲ್ ಕೂಡ ಎದ್ದಿದೆ, ಆದರೆ ಡಿಸ್ಕನ್ನು ಮುಟ್ಟಲು ಅದಕ್ಕೆ ಡ್ರೈವರ್ ಸಿಕ್ಕಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಈ ಎಲ್ಲ ದೂರುಗಳಿಗೂ ಬೂಟ್‌ರೆಕ್ ಎಂಬ ಆಜ್ಞೆಯ ಅದೇ ಮೂರು ನಾಲ್ಕು ಸಾಲುಗಳನ್ನು ಸಾಲಾಗಿ ಟೈಪಿಸಲು ಹೇಳುವ ಪುಟಗಳೇ ಹೆಚ್ಚು. ಕರ್ನೆಲ್ ಎದ್ದಮೇಲೆ ಸೋತ ಯಂತ್ರದಲ್ಲಿ ಎಂಬಿಆರನ್ನು ಮತ್ತೆ ಬರೆಯುವುದರಿಂದ ಏನೂ ಆಗದು. ಬಯಾಸಿನ ಬದಲು ಬಂದ ಯುಇಎಫ್‌ಐ ಎಂಬ ಹೊಸ ಫರ್ಮ್‌ವೇರಿನ ಯಂತ್ರದಲ್ಲಂತೂ ಆ ಪುಟ್ಟ ಪ್ರೋಗ್ರಾಂ ಓಡುವುದೇ ಇಲ್ಲ.

ವಿಂಡೋಸ್ 7ರ ಯಂತ್ರಗಳಲ್ಲಿ ಬಹಳ ಸಾಮಾನ್ಯವಾದ ತೊಡಕೆಂದರೆ ಸಿ ಡ್ರೈವನ್ನು ಮಾತ್ರ ಕ್ಲೋನ್ ಮಾಡುವುದು. ವಿಂಡೋಸ್ 7 ಸ್ಥಾಪನೆಯಾಗುವಾಗ ಡಿಸ್ಕಿನ ಆರಂಭದಲ್ಲಿ 100 ಎಂಬಿಯ, ಡ್ರೈವ್ ಅಕ್ಷರವಿಲ್ಲದ ‘ಸಿಸ್ಟಮ್ ರಿಸರ್ವ್ಡ್’ ಎಂಬ ವಿಭಾಗವನ್ನು ಮಾಡಿಕೊಳ್ಳುತ್ತದೆ. ಬೂಟ್‌ಮ್ಯಾನೇಜರ್, ಬಿಸಿಡಿ ಎರಡೂ ಇರುವುದು ಅಲ್ಲಿ, ಆ್ಯಕ್ಟಿವ್ ಗುರುತು ಇರುವುದೂ ಅದಕ್ಕೆ. ಮೈ ಕಂಪ್ಯೂಟರಿನಲ್ಲಿ ಕಾಣದ ಈ ವಿಭಾಗವನ್ನು ಬಿಟ್ಟು ನಕಲು ಮಾಡಿದವರ ಹೊಸ ಡಿಸ್ಕಿನಲ್ಲಿ ವಿಂಡೋಸ್ ಇಡಿಯಾಗಿ ಇರುತ್ತದೆ, ಅದನ್ನು ಎಬ್ಬಿಸುವವರು ಮಾತ್ರ ಇರುವುದಿಲ್ಲ. ಇದಕ್ಕೆ ಪರಿಹಾರ ಸುಲಭ: ವಿಂಡೋಸಿನ ಸ್ಥಾಪನಾ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಿ, ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಲ್ಲಿ ವಿಂಡೋಸ್ ಇರುವ ವಿಭಾಗಕ್ಕೆ ಆ್ಯಕ್ಟಿವ್ ಗುರುತು ಕೊಟ್ಟು, ಬಿಸಿಡಿಬೂಟ್ ಆಜ್ಞೆಗೆ ವಿಂಡೋಸ್ ಫೋಲ್ಡರಿನ ಹಾದಿಯನ್ನು ತೋರಿಸಿದರೆ ಅದು ಬೂಟ್‌ಮ್ಯಾನೇಜರನ್ನು ಅಲ್ಲಿ ಕೂರಿಸಿ ಹೊಸ ಬಿಸಿಡಿಯನ್ನು ಬರೆಯುತ್ತದೆ. ದುರಸ್ತಿಯ ಪರಿಸರದಲ್ಲಿ ಸಿ ಡ್ರೈವಿಗೆ ಬೇರೆ ಅಕ್ಷರ ಸಿಕ್ಕಿರುವ ಸಾಧ್ಯತೆಯಿದೆ, ಆದ್ದರಿಂದ ಆಜ್ಞೆ ಕೊಡುವ ಮೊದಲು ಫೋಲ್ಡರುಗಳನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು.

ಮುದ್ರಣಾಲಯದ ಯಂತ್ರದ ತೊಂದರೆ ಅದಾಗಿರಲಿಲ್ಲ. ನಾನು ಹೋಗುವ ಮೊದಲು ಬೇರೊಬ್ಬರು ಅದೇ ಡಿಸ್ಕನ್ನು ಒಮ್ಮೆ ಕ್ಲೋನ್ ಮಾಡಿದ್ದರು. ಆ ನಕಲು ಏಳದೆ ಸಿ000000ಇ ಸಂದೇಶದಲ್ಲಿ ನಿಂತಿತ್ತು. ಇದರ ಹಿಂದಿರುವ ಕತೆಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಲೆಕ್ಕದಲ್ಲಿ ಕ್ಲೋನಿಂಗಿನ ಅತಿ ಸೂಕ್ಷ್ಮವಾದ ಜಾಗ ಇದೇ. ಸೆಕ್ಟರಿಗೆ ಸೆಕ್ಟರ್ ನಕಲಾದಾಗ ಆ 4 ಬೈಟಿನ ಸಿಗ್ನೇಚರ್ ಕೂಡ ನಕಲಾಗುತ್ತದೆ. ಒಂದೇ ಸಂಖ್ಯೆಯ ಎರಡು ಡಿಸ್ಕುಗಳನ್ನು ವಿಂಡೋಸ್ ಏಕಕಾಲಕ್ಕೆ ಒಪ್ಪುವುದಿಲ್ಲ. ಒಂದನ್ನು ಆಫ್‌ಲೈನ್ ಮಾಡಿ ಬದಿಗಿಡುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದವರು, ಹೊಸ ಡಿಸ್ಕು ಆಫ್‌ಲೈನ್ ಇದೆಯಲ್ಲ ಎಂದು ಸಹಜವಾಗಿಯೇ ಅದರ ಮೇಲೆ ಒತ್ತಿ ಆನ್‌ಲೈನ್ ಮಾಡುತ್ತಾರೆ. ಆ ಕ್ಷಣದಲ್ಲಿ ವಿಂಡೋಸ್ ಘರ್ಷಣೆ ತಪ್ಪಿಸಲು ಹೊಸ ಡಿಸ್ಕಿಗೆ ಬೇರೆಯದೇ ಸಿಗ್ನೇಚರನ್ನು ಬರೆದುಬಿಡುತ್ತದೆ. ಆದರೆ ಅದೇ ಡಿಸ್ಕಿನೊಳಗಿನ ಬಿಸಿಡಿಯಲ್ಲಿ, ವಿಂಡೋಸ್ ಇರುವುದು ಇಂಥ ಸಿಗ್ನೇಚರಿನ ಡಿಸ್ಕಿನ ಇಂಥ ಸ್ಥಾನದಿಂದ ಎಂದು ಹಳೆಯ ಸಂಖ್ಯೆಯೇ ದಾಖಲಾಗಿದೆ. ಮನೆ ಕೈ ಬದಲಾಯಿಸಿದರೂ ಖಾತೆ ಹಳೆಯ ಹೆಸರಿನಲ್ಲೇ ಉಳಿದಂತೆ, ಬೂಟ್‌ಮ್ಯಾನೇಜರ್ ತಾನು ನಿಂತಿರುವ ಡಿಸ್ಕಿನಲ್ಲೇ ಇರುವ ವಿಂಡೋಸನ್ನು ಗುರುತಿಸಲಾರದೆ, ಇಲ್ಲದ ಡಿಸ್ಕನ್ನು ಹುಡುಕುತ್ತ ನಿಲ್ಲುತ್ತದೆ.

ಬಿಸಿಡಿಯನ್ನು ಹೊಸದಾಗಿ ಬರೆದರೆ ಈ ಹಂತ ದಾಟಬಹುದು. ಆದರೆ ಅದು ಅರ್ಧ ಪರಿಹಾರವಾಗುವ ಸಂಭವವಿದೆ, ಏಕೆಂದರೆ ಹಳೆಯ ಸಂಖ್ಯೆ ಇರುವುದು ಅಲ್ಲೊಂದೇ ಕಡೆಯಲ್ಲ. ಯಾವ ವಿಭಾಗಕ್ಕೆ ಯಾವ ಡ್ರೈವ್ ಅಕ್ಷರ ಎಂಬ ಪಟ್ಟಿಯನ್ನು ವಿಂಡೋಸ್ ತನ್ನ ಸೆಟ್ಟಿಂಗುಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ಮೌಂಟೆಡ್ ಡಿವೈಸಸ್ ಎಂಬಲ್ಲಿ ಇಟ್ಟುಕೊಂಡಿರುತ್ತದೆ. ಎಂಬಿಆರ್ ಡಿಸ್ಕುಗಳ ಮಟ್ಟಿಗೆ ಅಲ್ಲಿನ ಪ್ರತಿ ನಮೂದು 12 ಬೈಟು: 4 ಬೈಟಿನ ಸಿಗ್ನೇಚರ್, ನಂತರ ವಿಭಾಗ ಆರಂಭವಾಗುವ ಸ್ಥಾನವನ್ನು ಹೇಳುವ 8 ಬೈಟು. ಸಿಗ್ನೇಚರ್ ಬದಲಾದ ಡಿಸ್ಕಿನಿಂದ ವಿಂಡೋಸ್ ಎದ್ದರೆ, ಸಿ ಎಂಬ ಅಕ್ಷರ ಹಳೆಯ ಡಿಸ್ಕಿನ ಹೆಸರಿನಲ್ಲೇ ಕಾಯ್ದಿರಿಸಲ್ಪಟ್ಟಿದ್ದು ತಾನು ಇರುವ ವಿಭಾಗಕ್ಕೆ ಬೇರೆ ಅಕ್ಷರ ಬೀಳುವ ಸಾಧ್ಯತೆಯಿರುತ್ತದೆ. ಆಗ ಸಿ ಡ್ರೈವಿನ ಹಾದಿಯನ್ನು ನೆಚ್ಚಿಕೊಂಡ ಸೇವೆಗಳು ಒಂದೊಂದಾಗಿ ಕುಸಿದು, ಪಾಸ್‌ವರ್ಡ್ ಕೊಟ್ಟಮೇಲೆ ಖಾಲಿ ಪರದೆಯೊಂದೇ ಉಳಿಯುತ್ತದೆ. ಕ್ಲೋನ್ ಮಾಡಿದ ಕೂಡಲೇ ಎರಡೂ ಡಿಸ್ಕುಗಳನ್ನು ಜೋಡಿಸಿಟ್ಟು ವಿಂಡೋಸನ್ನು ಎಬ್ಬಿಸಬಾರದು ಎಂದು ಅನುಭವಿಗಳು ಹೇಳುವುದಕ್ಕೆ ಇದೇ ಕಾರಣ. ಮೊದಲ ಸಲ ಏಳುವಾಗ ಹೊಸ ಡಿಸ್ಕು ಒಂಟಿಯಾಗಿರಬೇಕು, ಹಳೆಯದರ ಕೇಬಲ್ ಬಿಚ್ಚಿರಬೇಕು.

ಆದ್ದರಿಂದ ನನ್ನ ಒಲವು ಬಿಸಿಡಿಯನ್ನು ತಿದ್ದುವುದಕ್ಕಿಂತ ಸಿಗ್ನೇಚರನ್ನೇ ಮೊದಲಿನಂತೆ ಮಾಡುವ ಕಡೆಗೆ. ಡಿಸ್ಕ್‌ಪಾರ್ಟ್‌ನಲ್ಲಿ ಯುನೀಕ್‌ಐಡಿ ಎಂಬ ಆಜ್ಞೆಯಿದೆ; ಅದು ಆಯ್ದ ಡಿಸ್ಕಿನ ಗುರುತಿನ ಸಂಖ್ಯೆಯನ್ನು ತೋರಿಸುತ್ತದೆ, ಹೊಸ ಸಂಖ್ಯೆ ಕೊಟ್ಟರೆ ಬರೆಯುತ್ತದೆ ಕೂಡ. ಹಳೆಯ ಡಿಸ್ಕನ್ನು ಬೇರೊಂದು ಯಂತ್ರದಲ್ಲಿ ಒಂಟಿಯಾಗಿ ಜೋಡಿಸಿ ಅದರ ಸಂಖ್ಯೆಯನ್ನು ಓದಿಕೊಂಡು, ಅದನ್ನು ಬಿಚ್ಚಿ, ಹೊಸ ಡಿಸ್ಕಿಗೆ ಅದೇ ಸಂಖ್ಯೆಯನ್ನು ಬರೆದರೆ ಬಿಸಿಡಿ, ಡ್ರೈವ್ ಅಕ್ಷರಗಳ ಪಟ್ಟಿ ಎರಡೂ ಏಕಕಾಲಕ್ಕೆ ನಿಜವಾಗುತ್ತವೆ, ಒಳಗಿನ ಒಂದು ಕಡತವನ್ನೂ ಮುಟ್ಟಬೇಕಾಗಿಲ್ಲ. ‘ಹೆಂಗೈತೋ ಹಂಗ’ ಬರಬೇಕೆಂದವರ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ದಾರಿ ನನಗೆ ಕಾಣಲಿಲ್ಲ. ಡಿಡಿರೆಸ್ಕ್ಯೂವಿನಿಂದ ಮಾಡಿದ ಹೊಸ ನಕಲಿನಲ್ಲಿ ಸಿಗ್ನೇಚರ್ ಹೇಗಿತ್ತೋ ಹಾಗೆಯೇ ಉಳಿದಿತ್ತು. ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಎಬ್ಬಿಸಿದಾಗ ವಿಂಡೋಸ್ ಯಾವ ತಕರಾರೂ ಇಲ್ಲದೆ ಎದ್ದಿತು. ಮೊದಲಿನ, ಏಳದ ನಕಲಿಗೂ ಇದೇ ಸಂಖ್ಯೆಯನ್ನು ಬರೆದು ನೋಡಿದಾಗ ಅದೂ ಎದ್ದಿತು. ಕೆಟ್ಟ ನಕಲೆಂದು ಬದಿಗೆ ಸರಿಸಿದ್ದ ಡಿಸ್ಕಿನಲ್ಲಿ ತಪ್ಪಿದ್ದುದು ನಾಲ್ಕೇ ಬೈಟು.

ಯುಇಎಫ್‌ಐ ಪದ್ಧತಿಯಲ್ಲಿ ಗುರುತುಗಳ ಜಾಗ ಬೇರೆ, ತೊಡಕುಗಳೂ ಬೇರೆ. ಇಲ್ಲಿ ಡಿಸ್ಕಿನ ಮೊದಲ ಸೆಕ್ಟರಿನ ಪ್ರೋಗ್ರಾಂಗೆ ಕೆಲಸವಿಲ್ಲ. ಫ್ಯಾಟ್32 ವಿನ್ಯಾಸದ ಒಂದು ಸಣ್ಣ ಇಎಫ್‌ಐ ವಿಭಾಗದಲ್ಲಿ ಬೂಟ್‌ಮ್ಯಾನೇಜರ್ ಸಾಧಾರಣ ಕಡತದಂತೆ ಇರುತ್ತದೆ, ಅದರ ವಿಳಾಸವು ವಿದ್ಯುತ್ ಹೋದರೂ ಅಳಿಯದ ಮೆಮೊರಿಯಾದ, ಮದರ್‌ಬೋರ್ಡಿನ ಎನ್‌ವಿರ‍್ಯಾಮ್‌ನಲ್ಲಿ ಬರೆದಿರುತ್ತದೆ. ವಿಳಾಸ ಎಂದರೆ ವಿಭಾಗದ ಅನನ್ಯ ಗುರುತಿನ ಸಂಖ್ಯೆ, ಅದು ಆರಂಭವಾಗುವ ಸ್ಥಾನ, ಅದರ ಗಾತ್ರ, ಕಡತದ ಹಾದಿ ಎಲ್ಲವೂ ಸೇರಿದ್ದು. ಈ ದಾಖಲೆ ಡಿಸ್ಕಿನಲ್ಲಿ ಇಲ್ಲವಾದ್ದರಿಂದ ಎಷ್ಟೇ ಶ್ರದ್ಧೆಯಿಂದ ಕ್ಲೋನ್ ಮಾಡಿದರೂ ಅದು ಹೊಸ ಡಿಸ್ಕಿಗೆ ಬರುವಂತಿಲ್ಲ. ವಿಭಾಗಗಳ ಗುರುತಿನ ಸಂಖ್ಯೆಯನ್ನೂ ಸ್ಥಾನವನ್ನೂ ಹಾಗೆಯೇ ಉಳಿಸಿದ ನಕಲಾದರೆ ಅದೇ ಯಂತ್ರದ ಹಳೆಯ ನಮೂದು ಹೊಸ ಡಿಸ್ಕಿಗೂ ಹೊಂದಿಕೊಂಡೀತು. ಘರ್ಷಣೆ ತಪ್ಪಿಸಲು ಹೊಸ ಸಂಖ್ಯೆಗಳನ್ನು ಕೊಡುವ, ವಿಭಾಗಗಳನ್ನು ಹಿಗ್ಗಿಸಿ ಸರಿಸುವ ತಂತ್ರಾಂಶವಾದರೆ ಆ ನಮೂದು ಯಾರನ್ನೂ ತಲುಪುವುದಿಲ್ಲ. ಅಂಥ ಹೊತ್ತಿಗೆಂದೇ ನಿಯಮದಲ್ಲಿ ಒಂದು ಹಿಂಬಾಗಿಲಿದೆ: ಯಾವ ನಮೂದೂ ಫಲಿಸದಿದ್ದರೆ ಫರ್ಮ್‌ವೇರ್ ಇಎಫ್‌ಐ ವಿಭಾಗದ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಕಡತವನ್ನು ಹುಡುಕಿ ಓಡಿಸಬೇಕು. ಒಳಗಿನ ಡಿಸ್ಕುಗಳ ಮಟ್ಟಿಗೆ ಎಲ್ಲ ಫರ್ಮ್‌ವೇರುಗಳೂ ಇದನ್ನು ಒಂದೇ ನಿಷ್ಠೆಯಿಂದ ಪಾಲಿಸುವುದಿಲ್ಲ. ಇಎಫ್‌ಐ ವಿಭಾಗಕ್ಕೆ ಡಿಸ್ಕ್‌ಪಾರ್ಟ್‌ನಲ್ಲಿ ತಾತ್ಕಾಲಿಕ ಅಕ್ಷರ ಕೊಟ್ಟು ಬಿಸಿಡಿಬೂಟ್ ಓಡಿಸಿದರೆ ಕಡತಗಳು, ಬಿಸಿಡಿ, ಎನ್‌ವಿರ‍್ಯಾಮ್ ನಮೂದು ಮೂರೂ ಒಮ್ಮೆಗೇ ಸರಿಹೋಗುತ್ತವೆ. ಆದರೆ ದುರಸ್ತಿಗೆ ಬಳಸುವ ಪೆನ್‌ಡ್ರೈವ್ ಕೂಡ ಯುಇಎಫ್‌ಐ ಪದ್ಧತಿಯಲ್ಲೇ ಎದ್ದಿರಬೇಕು. ಹಳೆಯ ಪದ್ಧತಿಯಲ್ಲಿ ಎದ್ದ ಪರಿಸರದಿಂದ ಎನ್‌ವಿರ‍್ಯಾಮ್‌ಗೆ ಬರೆಯಲು ಬಾರದು.

ಎಂಬಿಆರ್ ಬದಲಿಗೆ ಬಂದ ಜಿಪಿಟಿ ಎಂಬ ವಿಭಾಗಪಟ್ಟಿಯ ಪದ್ಧತಿಯ ಡಿಸ್ಕನ್ನು ದೊಡ್ಡ ಡಿಸ್ಕಿಗೆ ನೇರವಾಗಿ ನಕಲು ಮಾಡಿದಾಗ ಇನ್ನೊಂದು ಸಣ್ಣ ಕೆಲಸ ಉಳಿಯುತ್ತದೆ. ಜಿಪಿಟಿಯು ವಿಭಾಗಪಟ್ಟಿಯ ಎರಡನೆಯ ಪ್ರತಿಯನ್ನು ಡಿಸ್ಕಿನ ಕೊನೆಯ ಸೆಕ್ಟರುಗಳಲ್ಲಿ ಇಡುತ್ತದೆ. ನಕಲಾದ ಮೇಲೆ ಆ ಪ್ರತಿ ಹೊಸ ಡಿಸ್ಕಿನ ನಟ್ಟನಡುವೆ ಬಿದ್ದಿರುತ್ತದೆ. ಎಸ್‌ಜಿಡಿಸ್ಕ್‌ನಂಥ ಸಲಕರಣೆಯಿಂದ ಅದನ್ನು ಕೊನೆಗೆ ಸರಿಸಿದರೆ ಆಯಿತು.

ಯುಎಸ್‌ಬಿ ಪೆಟ್ಟಿಗೆಗಳ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಲ್ಯಾಪ್‌ಟಾಪಿನಲ್ಲಿ ಒಂದೇ ಡಿಸ್ಕಿಗೆ ಜಾಗವಿರುವುದರಿಂದ ಹೊಸ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಕ್ಲೋನ್ ಮಾಡುವುದು ರೂಢಿ. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರುಗಳ ಡಿಸ್ಕನ್ನು 4096 ಬೈಟಿನ ಸೆಕ್ಟರುಗಳದ್ದೆಂದು ಕಂಪ್ಯೂಟರಿಗೆ ತೋರಿಸುತ್ತವೆ. ವಿಭಾಗಪಟ್ಟಿಯಲ್ಲಿ ಸ್ಥಾನಗಳು ಬೈಟುಗಳಲ್ಲಲ್ಲ, ಸೆಕ್ಟರುಗಳ ಲೆಕ್ಕದಲ್ಲಿ ಇರುತ್ತವೆ. 2048ನೆಯ ಸೆಕ್ಟರ್ ಎಂಬ ನಮೂದು 512 ಬೈಟಿನ ಲೆಕ್ಕದಲ್ಲಿ 1 ಎಂಬಿಯ ಸ್ಥಾನವಾದರೆ, 4096 ಬೈಟಿನ ಲೆಕ್ಕದಲ್ಲಿ 8 ಎಂಬಿಯ ಸ್ಥಾನವಾಗುತ್ತದೆ. ಪೆಟ್ಟಿಗೆಯೊಳಗೆ ಒಂದು ಲೆಕ್ಕದಲ್ಲಿ ಬರೆದ ಪಟ್ಟಿಯನ್ನು ಮದರ್‌ಬೋರ್ಡು ಇನ್ನೊಂದು ಲೆಕ್ಕದಲ್ಲಿ ಓದಿದಾಗ ವಿಭಾಗಗಳೇ ಕಾಣೆಯಾಗುತ್ತವೆ. ದತ್ತಾಂಶ ಮಾತ್ರ ಇದ್ದಲ್ಲಿಯೇ ಇರುತ್ತದೆ. ಪೆಟ್ಟಿಗೆಯಲ್ಲಿದ್ದಾಗ ಎಲ್ಲ ಸರಿ, ಒಳಗೆ ಕೂರಿಸಿದಾಗ ಖಾಲಿ ಎನ್ನುವ ದೂರು ಬಂದರೆ ನಾನು ಮೊದಲು ಶಂಕಿಸುವುದು ಇದನ್ನೇ. ಹೊಸ ಡಿಸ್ಕನ್ನು ಒಳಗೆ ಕೂರಿಸಿ, ಹಳೆಯದನ್ನು ಹೊರಗಿಟ್ಟು ಕ್ಲೋನ್ ಮಾಡಿದರೆ ಈ ಗೊಂದಲದ ದೊಡ್ಡ ಪಾಲು ತಪ್ಪುತ್ತದೆ. ಹಾಗೆಯೇ, ಹೊಸ ನಕಲನ್ನು ಪೆಟ್ಟಿಗೆಯಲ್ಲಿ ಇದ್ದಂತೆಯೇ ಯುಎಸ್‌ಬಿಯಿಂದ ಎಬ್ಬಿಸಿ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ವಿಂಡೋಸ್ ಸ್ಥಾಪನೆ ಯುಎಸ್‌ಬಿ ಡಿಸ್ಕಿನಿಂದ ಏಳುವಂತೆ ಸಿದ್ಧಗೊಂಡಿರುವುದಿಲ್ಲ, ಹಾಗಾಗಿ ಅಲ್ಲಿ ಕಂಡ ನೀಲಿ ಪರದೆಯಿಂದ ನಕಲು ಕೆಟ್ಟಿದೆಯೆಂದು ತೀರ್ಮಾನಿಸಬಾರದು.

ನಿಜವಾದ 7ಬಿ ಪರದೆ ಬರುವುದು ಡಿಸ್ಕಿನ ಜಾತಿ ಬದಲಾದಾಗ. ಸಾಟಾ ಜೋಡಣೆಯ ಡಿಸ್ಕಿನಿಂದ, ಬೇರೆ ಬಗೆಯ ಜೋಡಣೆಯ ವೇಗದ ಡಿಸ್ಕಾದ ಎನ್‌ವಿಎಂಇಗೆ ಹೋದರೆ ವಿಂಡೋಸ್ 10ರಲ್ಲಿ ಬೇಕಾದ ಡ್ರೈವರ್ ಇದ್ದೇ ಇರುತ್ತದೆ, ಆದರೆ ಆ ಯಂತ್ರದಲ್ಲಿ ಅಂಥ ಸಾಧನವೇ ಹಿಂದೆ ಇರದಿದ್ದುದರಿಂದ ಅದು ಏಳುವ ಹೊತ್ತಿಗೆ ಸಿದ್ಧವಾಗುವ ಪಟ್ಟಿಯಲ್ಲಿ ಇಲ್ಲದಿರಬಹುದು. ಸೇಫ್ ಮೋಡಿನಲ್ಲಿ ಒಮ್ಮೆ ಎಬ್ಬಿಸಿದರೆ ಬಹಳ ಸಲ ವಿಂಡೋಸ್ ತಾನೇ ಆ ಡ್ರೈವರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ವಿಂಡೋಸ್ 7ಕ್ಕೆ ಎನ್‌ವಿಎಂಇ ಹುಟ್ಟಿನಿಂದ ಗೊತ್ತಿಲ್ಲ, ಅದಕ್ಕೆ ಪ್ರತ್ಯೇಕ ತಿದ್ದುಪಡಿ ಹಾಕಬೇಕು. ಮುದ್ರಣಾಲಯಕ್ಕೆ ನಾನು ಸಾಟಾ ಎಸ್‌ಎಸ್‌ಡಿಯನ್ನೇ ತರಿಸಿದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂದಿಗೂ ಅವು ಸುಲಭವಾಗಿ ಸಿಗುತ್ತವೆ. ಬಯಾಸಿನಲ್ಲಿ ಸಾಟಾ ವಿಧಾನ (ಡಿಸ್ಕಿನೊಡನೆ ಮಾತಾಡುವ ಬಗೆ) ಐಡಿಇ ಎಂದಿದ್ದರೆ ಐಡಿಇ, ಎಎಚ್‌ಸಿಐ ಎಂದಿದ್ದರೆ ಎಎಚ್‌ಸಿಐ, ಹಳೆಯ ಡಿಸ್ಕು ಯಾವುದರಲ್ಲಿ ಓಡುತ್ತಿತ್ತೋ ಅದನ್ನೇ ಉಳಿಸಿಕೊಂಡು ಮೊದಲು ಯಂತ್ರವನ್ನು ಎಬ್ಬಿಸಬೇಕು. ವೇಗದ ಆಸೆಗೆ ಮೊದಲೇ ಬದಲಾಯಿಸಿದರೆ ಅದೇ ನೀಲಿ ಪರದೆ ಎದುರಾದೀತು, ಆಗ ತಪ್ಪು ನಕಲಿನದೋ ಡ್ರೈವರಿನದೋ ಎಂದು ಬಿಡಿಸುವುದು ಕಷ್ಟ.

ಲಿನಕ್ಸಿನಲ್ಲಿ ವಿಭಾಗಗಳನ್ನು ಗುರುತಿಸುವುದು ಅವುಗಳ ಯುಯುಐಡಿ ಎಂಬ ಅನನ್ಯ ಗುರುತಿನ ಸಂಖ್ಯೆಯಿಂದ, ಅದು ಕಡತವ್ಯವಸ್ಥೆಯೊಳಗೇ ಇರುವುದರಿಂದ ನಕಲಿನೊಡನೆ ಬರುತ್ತದೆ. ಹಾಗಾಗಿ ಡಿಡಿ ಮೂಲಕ ಮಾಡಿದ ನಕಲು ಒಂಟಿಯಾಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲದೆ ಏಳುತ್ತದೆ. ಎರಡೂ ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿದಾಗ ಯಾವ ಪ್ರತಿ ಮೌಂಟ್ ಆಯಿತೆಂಬುದು ಅನಿಶ್ಚಿತ. ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ಬಳಸುವವರು ಇದರಲ್ಲಿ ತುಂಬ ಎಚ್ಚರವಿರಬೇಕು, ಏಕೆಂದರೆ ಒಂದೇ ಯುಯುಐಡಿಯ ಎರಡು ಪ್ರತಿಗಳು ಏಕಕಾಲಕ್ಕೆ ಕಂಡರೆ ದತ್ತಾಂಶವೇ ಹಾಳಾಗುವ ಅಪಾಯವಿದೆ. ಕಡತಗಳನ್ನು ಮಾತ್ರ ಹೊಸ ವಿಭಾಗಕ್ಕೆ ನಕಲು ಮಾಡಿದವರು ವಿಭಾಗಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತವನ್ನು ತಿದ್ದಿ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಅನ್ನು ಮತ್ತೆ ಸ್ಥಾಪಿಸಿ, ಏಳುವಾಗ ಮೊದಲು ಬೇಕಾಗುವ ಕಡತಗಳ ಕಂತೆಯಾದ ಇನಿಟ್‌ರಾಮ್‌ಎಫ್‌ಎಸ್ ಅನ್ನು ಮತ್ತೆ ಕಟ್ಟಬೇಕು.

ಡಿಸ್ಕಿನ ದತ್ತಾಂಶವನ್ನು ಗೂಢಲಿಪೀಕರಿಸಿ ಬೀಗ ಹಾಕುವ ಬಿಟ್‌ಲಾಕರ್ ಇರುವ ಯಂತ್ರಗಳಲ್ಲಿ ಕೆಲಸಕ್ಕೆ ಮೊದಲೇ 48 ಅಂಕಿಗಳ ರಿಕವರಿ ಕೀಯನ್ನು ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುವುದರಿಂದ, ಏಳುವ ಹಾದಿಯಲ್ಲಿ ಬದಲಾವಣೆ ಕಂಡರೆ ಅದು ಕೀಲಿಯನ್ನು ಬಿಟ್ಟುಕೊಡುವುದಿಲ್ಲ.

ಗದಗಿನ ಯಂತ್ರ ಎದ್ದ ಮೇಲೆ ಮುದ್ರಣಾಲಯದ ಹಿರಿಯರು ನೋಡಿದ್ದು ವೇಗವನ್ನಲ್ಲ. ಬಹಳ ಹಳೆಯ ಪಂಚಾಂಗವೊಂದರ ಪುಟವನ್ನು ತೆರೆಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಪರದೆಯ ಮೇಲೆ ಬೆರಳಿಟ್ಟು ಸಾಲುಸಾಲಾಗಿ ನೋಡಿದರು, ಆಮೇಲೆ ಅದನ್ನೇ ಮುದ್ರಿಸಿ ಹಿಂದಿನ ಮುದ್ರಿತ ಪ್ರತಿಯ ಪಕ್ಕಕ್ಕೆ ಹಿಡಿದರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ಡಿಡಿರೆಸ್ಕ್ಯೂ ಓದಲಾರದೆ ಬಿಟ್ಟ ಸೆಕ್ಟರುಗಳೂ ಕೆಲವಿದ್ದವು. ಅವು ಯಾವ ಕಡತಗಳಿಗೆ ಸೇರಿದವೆಂದು ಹುಡುಕಿದಾಗ ಎಲ್ಲವೂ ವಿಂಡೋಸಿನ ತಾತ್ಕಾಲಿಕ ಕಡತಗಳಾಗಿದ್ದು, ಪುಟಗಳಿಗೂ ಫಾಂಟುಗಳಿಗೂ ಧಕ್ಕೆಯಾಗಿರಲಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ರಂದೇ ಮುಗಿದಿರುವುದರಿಂದ ಆ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಬೇಡವೆಂದು ತೀರ್ಮಾನಿಸಿದೆವು. ಪುಟಗಳನ್ನು ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಪಕ್ಕದ ಹೊಸ ಯಂತ್ರದಲ್ಲಿ ಅವರ ಮಗಳು ಕೈಗೆತ್ತಿಕೊಂಡಿದ್ದಾರೆ. ಪರಿವರ್ತಕ ತಂತ್ರಾಂಶಗಳು ತಪ್ಪುವ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕೈಯಿಂದಲೇ ತಿದ್ದಬೇಕಾಗಿರುವುದರಿಂದ ಅದಕ್ಕೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಹಳೆಯ ಯಂತ್ರ ಏಳುತ್ತಲೇ ಇರಬೇಕು. ಹೊಸ ಡಿಸ್ಕಿನ ಪೂರ್ಣ ಪ್ರತಿಯೊಂದನ್ನು, ಮೊದಲ ಸೆಕ್ಟರೂ ಸೇರಿದಂತೆ, ಒಂದೇ ಕಡತವಾಗಿ ಹೊರಗಿನ ಡಿಸ್ಕಿನಲ್ಲಿ ತೆಗೆದಿಟ್ಟಿದ್ದೇನೆ. ಡಿಸ್ಕಿನ ಸಿಗ್ನೇಚರ್, ಪ್ರತಿ ವಿಭಾಗ ಆರಂಭವಾಗುವ ಸೆಕ್ಟರ್, ಬಯಾಸಿನ ಸಾಟಾ ವಿಧಾನ ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ.